ಕ್ಯಾನ್ಸರ್ ಹೋದ ಮೇಲೂ ತುತ್ತು ಇಳಿಯಬೇಕು

ಅನ್ನನಾಳದ ಕ್ಯಾನ್ಸರ್ ತೀರ ಮೊದಲ ಹಂತದಲ್ಲೇ ಪತ್ತೆಯಾದರೆ ಈಗ ಎದೆ ತೆರೆಯುವ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ, ರೋಗ ತಗುಲಿದ ಲೋಳೆಪೊರೆಯನ್ನಷ್ಟೇ ಬಿಡಿಸಿ ತೆಗೆಯಬಹುದು. ಆದರೆ ಪೊರೆ ತೆಗೆದ ಜಾಗದ ಗಾಯ ಮಾಯುವಾಗ ನಾಳವನ್ನೇ ಬಿಗಿದುಬಿಡಬಹುದು. ಕ್ಯಾನ್ಸರಿನಿಂದ ಪಾರಾದವರು ಅನ್ನ ಹಾಗಿರಲಿ, ಗಂಜಿ ನುಂಗಲೂ ಒದ್ದಾಡುವ ಸ್ಥಿತಿ ಬರಬಹುದು. ಈ ಬಿಗಿತವನ್ನು ತಡೆಯಲು ಎರಡು ದಶಕಗಳಿಂದ ನಡೆದ ಪ್ರಯತ್ನಗಳು ಗಮನಿಸಬೇಕಾದವು.

ಸಮಸ್ಯೆ ಹುಟ್ಟಿದ್ದು ಚಿಕಿತ್ಸೆಯ ಯಶಸ್ಸಿನಿಂದಲೇ. 1980ರ ದಶಕದಲ್ಲಿ ಎಂಡೋಸ್ಕೋಪಿನಲ್ಲಿ ತಂತಿಯ ಕುಣಿಕೆ ಹಾಕಿ ಸಣ್ಣ ತುಣುಕುಗಳನ್ನು ಕತ್ತರಿಸುತ್ತಿದ್ದರು. 1990ರ ದಶಕದ ಕೊನೆಗೆ ಜಪಾನಿನ ವೈದ್ಯರು ತುದಿಯಲ್ಲಿ ಪುಟ್ಟ ಸೆರಾಮಿಕ್ ಗುಂಡು ಕೂರಿಸಿದ ವಿದ್ಯುತ್ ಚಾಕುವನ್ನು ಬಳಕೆಗೆ ತಂದರು. ಪೊರೆಯ ಕೆಳಗೆ ದ್ರವ ಚುಚ್ಚಿ ಅದನ್ನು ಉಬ್ಬಿಸುವುದು, ಸುತ್ತ ಗೆರೆ ಕೊಯ್ಯುವುದು, ಆಮೇಲೆ ಸ್ನಾಯುಪದರಕ್ಕೆ ತಾಗದಂತೆ ಬಿಡಿಸುತ್ತ ಹೋಗುವುದು ಇದರ ಕ್ರಮ. ಇದೇ ಇ.ಎಸ್.ಡಿ., ಅಂದರೆ ಎಂಡೋಸ್ಕೋಪಿಕ್ ಸಬ್‌ಮ್ಯೂಕೋಸಲ್ ಡಿಸೆಕ್ಷನ್. ಮೊದಲು ಜಠರದಲ್ಲಿ ನೆಲೆಗೊಂಡು ಅನ್ನನಾಳಕ್ಕೂ ಬಂದ ಈ ವಿಧಾನದಿಂದ ಅಗಲವಾದ ರೋಗಭಾಗವನ್ನೂ ಒಂದೇ ತುಂಡಾಗಿ ತೆಗೆಯಲು ಸಾಧ್ಯವಾಯಿತು. ತೆಗೆದ ಭಾಗ ದೊಡ್ಡದಾದಷ್ಟೂ ಉಳಿಯುವ ಗಾಯವೂ ದೊಡ್ಡದಾಯಿತು.

ಗಾಯವಾದ ಕೆಲವೇ ದಿನಗಳಲ್ಲಿ ಉರಿಯೂತ ಶುರುವಾಗುತ್ತದೆ. ಫೈಬ್ರೋಬ್ಲಾಸ್ಟ್ ಕೋಶಗಳು ಅಲ್ಲಿ ಸೇರಿ ಕೊಲಾಜೆನ್ ನಾರು ಹೆಣೆಯುತ್ತವೆ. ಅವುಗಳಲ್ಲಿ ಕೆಲವು ಸ್ನಾಯುವಿನ ಗುಣ ಪಡೆದು ಗಾಯದ ಅಂಚುಗಳನ್ನು ಒಳಕ್ಕೆ ಎಳೆಯುತ್ತವೆ. ಚರ್ಮದ ಮೇಲಾದರೆ ಈ ಎಳೆತ ಗಾಯ ಮುಚ್ಚಲು ಉಪಕಾರಿ. ಕೊಳವೆಯೊಳಗೆ ಅದೇ ಅಪಾಯಕಾರಿ. ನಾಳದ ಸುತ್ತಳತೆಯ ಮುಕ್ಕಾಲು ಪಾಲಿಗಿಂತ ಹೆಚ್ಚು ಪೊರೆ ಹೋದರೆ ಹೆಚ್ಚಿನವರಲ್ಲಿ ನಾಳ ಕಿರಿದಾಗುತ್ತದೆ. ಪೂರ್ತಿ ಸುತ್ತು ಹೋದರೆ, ತಡೆಗಟ್ಟುವ ಕ್ರಮವಿಲ್ಲದೆ ಇದರಿಂದ ತಪ್ಪಿಸಿಕೊಳ್ಳುವವರು ಇಲ್ಲವೆನ್ನುವಷ್ಟು ವಿರಳ.

ಮೊದಲು ಇದ್ದ ಉತ್ತರ ಬಲೂನ್. ಕಿರಿದಾದ ಜಾಗದಲ್ಲಿ ಬಲೂನ್ ಉಬ್ಬಿಸಿ ನಾಳವನ್ನು ಹಿಗ್ಗಿಸುವುದು. ಆಮೇಲೆ, ಕಿರಿದಾಗುವವರೆಗೆ ಕಾಯದೆ ಮುಂಚಿತವಾಗಿಯೇ ಹಿಗ್ಗಿಸಿ ನೋಡಿದರು. ಆದರೆ ಹಿಗ್ಗಿಸಿದ ಗಾಯ ಮತ್ತೆ ಬಿಗಿಯುತ್ತದೆ. ರೋಗಿ ಪದೇ ಪದೇ ಆಸ್ಪತ್ರೆಗೆ ಬರಬೇಕು, ನಾಳ ತೂತಾಗುವ ಭಯ ಪ್ರತಿ ಸಲವೂ ಇದ್ದದ್ದೇ.

ನಿಜವಾದ ತಿರುವು ಬಂದದ್ದು ಗಾಯ ಮಾಯುವ ರೀತಿಯನ್ನೇ ಬದಲಿಸಲು ಹೊರಟಾಗ. 2011ರಲ್ಲಿ ಜಪಾನಿನಿಂದ ಎರಡು ವರದಿಗಳು ಬಂದವು. ಒಂದರಲ್ಲಿ ಚಿಕಿತ್ಸೆಯ ನಂತರ 3, 7 ಮತ್ತು 10ನೆಯ ದಿನ ಗಾಯಕ್ಕೇ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಚುಚ್ಚಿದರು. ಚುಚ್ಚುಮದ್ದು ಸಿಗದವರಲ್ಲಿ ಶೇ. 75ರಷ್ಟು ಮಂದಿಗೆ ನಾಳ ಕಿರಿದಾದರೆ, ಸಿಕ್ಕವರಲ್ಲಿ ಅದು ಶೇ. 19ಕ್ಕೆ ಇಳಿಯಿತು. ಇನ್ನೊಂದು ನಾಗಾಸಾಕಿಯದು. ಮೂರನೆಯ ದಿನದಿಂದ ದಿನಕ್ಕೆ 30 ಮಿ.ಗ್ರಾಂ. ಪ್ರೆಡ್ನಿಸೊಲೋನ್ ಮಾತ್ರೆ ಆರಂಭಿಸಿ, 8 ವಾರಗಳಲ್ಲಿ ಹಂತಹಂತವಾಗಿ ಇಳಿಸಿ ನಿಲ್ಲಿಸಿದರು. ಮುಂಚಿತವಾಗಿ ಬಲೂನ್ ಹಾಕಿಸಿಕೊಂಡ 22 ಮಂದಿಯಲ್ಲಿ 7 ಮಂದಿಗೆ ನಾಳ ಬಿಗಿದರೆ, ಮಾತ್ರೆ ನುಂಗಿದ 19 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಹಾಗಾಯಿತು. ಈ ಅಧ್ಯಯನಗಳು ಚಿಕ್ಕವು, ಆದರೂ ಚಿಕಿತ್ಸೆಯ ದಿಕ್ಕು ಬದಲಿಸಿದವು.

ಎರಡಕ್ಕೂ ಮಿತಿಗಳಿವೆ. ಸೂಜಿ ಸ್ನಾಯುಪದರಕ್ಕೆ ಇಳಿದರೆ ಅಲ್ಲಿ ನಾಳ ದುರ್ಬಲವಾಗಿ ತೂತಾಗಬಹುದು. ಮಾತ್ರೆಯಿಂದ ಸಕ್ಕರೆ ಏರಬಹುದು, ಸೋಂಕು ತಗುಲಬಹುದು. ಸಕ್ಕರೆ ಕಾಯಿಲೆ ಇರುವ ವಯಸ್ಸಾದ ರೋಗಿಗೆ ಇದು ಸಣ್ಣ ಮಾತಲ್ಲ.

ಎಲ್ಲಕ್ಕಿಂತ ಸೊಗಸಾದ ಪ್ರಯತ್ನ ಟೋಕಿಯೋ ಮಹಿಳಾ ವೈದ್ಯಕೀಯ ವಿಶ್ವವಿದ್ಯಾಲಯದ್ದು. ರೋಗಿಯ ಕೆನ್ನೆಯ ಒಳಭಾಗದಿಂದ ಚೂರು ಪೊರೆ ತೆಗೆದು, ಅದರ ಕೋಶಗಳನ್ನು ವಿಶೇಷ ತಟ್ಟೆಯಲ್ಲಿ 16 ದಿನ ಬೆಳೆಸಿದರು. 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೋಶಗಳು ತಟ್ಟೆಗೆ ಅಂಟಿಕೊಂಡಿರುತ್ತವೆ. ಶಾಖ ಇಳಿಸಿದರೆ ಇಡೀ ಹಾಳೆ ಹರಿಯದೆ ತಾನಾಗಿ ಬಿಟ್ಟುಕೊಳ್ಳುತ್ತದೆ. ಆ ಹಾಳೆಯನ್ನು ಎಂಡೋಸ್ಕೋಪಿನಿಂದಲೇ ಗಾಯಕ್ಕೆ ಹೊದಿಸಿದರು. 2012ರಲ್ಲಿ ಪ್ರಕಟವಾದ ವರದಿಯ 9 ರೋಗಿಗಳಲ್ಲಿ ನಾಳ ಕಿರಿದಾದದ್ದು ಪೂರ್ತಿ ಸುತ್ತು ಗಾಯವಾಗಿದ್ದ ಒಬ್ಬರಿಗೆ ಮಾತ್ರ. ಮುಂದೆ ಇಂಥ ಹಾಳೆಗಳನ್ನು ಟೋಕಿಯೋ ಮತ್ತು ನಾಗಾಸಾಕಿಯ ನಡುವೆ ವಿಮಾನದಲ್ಲೂ ಸಾಗಿಸಿದರು. ಆದರೆ ಕೋಶ ಬೆಳೆಸುವ ಸುಸಜ್ಜಿತ ಪ್ರಯೋಗಾಲಯ ಎಲ್ಲ ಆಸ್ಪತ್ರೆಗಳ ಕೈಗೆಟುಕುವಂಥದ್ದಲ್ಲ.

ದೇಹದಲ್ಲೇ ಕರಗುವ ಹಾಳೆ, ಸ್ಟೆಂಟ್, ಬೊಟುಲಿನಮ್ ಚುಚ್ಚುಮದ್ದು ಎಲ್ಲವನ್ನೂ ಪರೀಕ್ಷಿಸಿದ್ದಾರೆ. ಯಾವುದೂ ಇನ್ನೂ ಸ್ಟೀರಾಯ್ಡಿನ ಸ್ಥಾನ ಕಿತ್ತುಕೊಂಡಿಲ್ಲ. 2020ರ ಜಪಾನಿ ಮಾರ್ಗಸೂಚಿ, ಸುತ್ತಲೂ ಹರಡಿದ್ದರೂ ಆಳಕ್ಕೆ ಇಳಿಯದ, ಉದ್ದ 50 ಮಿ.ಮೀ. ಮೀರದ ಕ್ಯಾನ್ಸರಿಗೂ ಇ.ಎಸ್.ಡಿ. ಮಾಡಬಹುದೆನ್ನುತ್ತದೆ. ಆದರೆ ಬಿಗಿತ ತಡೆಯುವ ಕ್ರಮ ಕೈಗೊಳ್ಳಬೇಕು ಎಂಬ ಷರತ್ತು ಅದಕ್ಕಿದೆ. ನುಂಗುವ ಸಾಮರ್ಥ್ಯ ಕಾಪಾಡುವುದೂ ಚಿಕಿತ್ಸೆಯ ಭಾಗವೇ ಎಂಬುದನ್ನು ಈ ಷರತ್ತು ಎತ್ತಿಹಿಡಿದಿದೆ.

ಪೂರ್ತಿ ಸುತ್ತಿನ ಗಾಯಕ್ಕೆ ಖಚಿತ ಪರಿಹಾರ ಇನ್ನೂ ಸಿಕ್ಕಿಲ್ಲ. ಹಾಗಾಗಿ ಈ ಚಿಕಿತ್ಸೆಗೆ ಒಪ್ಪುವ ಮುನ್ನ ರೋಗಿಯೂ ಮನೆಯವರೂ ವೈದ್ಯರನ್ನು ಮೂರು ಪ್ರಶ್ನೆ ಕೇಳಲೇಬೇಕು: ಸುತ್ತಳತೆಯಲ್ಲಿ ಎಷ್ಟು ಭಾಗ ತೆಗೆಯುತ್ತೀರಿ? ನಾಳ ಬಿಗಿಯದಂತೆ ಏನು ಮಾಡುತ್ತೀರಿ? ನುಂಗಲು ಕಷ್ಟವಾದರೆ ಎಷ್ಟು ಬೇಗ ಬರಬೇಕು?