ಸಾರ್ವಜನಿಕ ಲೆಕ್ಕಪತ್ರ ಸಮಿತಿ (ಭಾರತ)

ಸಾರ್ವಜನಿಕ ಲೆಕ್ಕಪತ್ರ ಸಮಿತಿಯು ಭಾರತ ಸರ್ಕಾರದ ಇಲಾಖೆಗಳ ವೆಚ್ಚವನ್ನು ಪರಿಶೀಲಿಸುವ ಸಂಸದೀಯ ಸಮಿತಿ. ಸಂಸತ್ತು ಮಂಜೂರು ಮಾಡಿದ ಹಣವು ಮಂಜೂರಾದ ಉದ್ದೇಶಕ್ಕೇ ವಿನಿಯೋಗವಾಯಿತೇ, ವೆಚ್ಚ ಮಾಡಿದ ಅಧಿಕಾರಿಗೆ ಆ ಅಧಿಕಾರವಿತ್ತೇ, ಖರ್ಚಾದ ಹಣಕ್ಕೆ ತಕ್ಕ ಫಲ ದೊರೆಯಿತೇ ಎಂಬುದನ್ನು ಅದು ವಿಚಾರಿಸುತ್ತದೆ. ಆಯವ್ಯಯವನ್ನು ಅಂಗೀಕರಿಸುವ ಅಧಿವೇಶನಕ್ಕೆ ದೊರೆಯುವ ಪ್ರಚಾರ ಈ ಸಮಿತಿಯ ಸಭೆಗಳಿಗೆ ದೊರೆಯುವುದಿಲ್ಲ. ಆದರೆ ಕೊಟ್ಟ ಹಣಕ್ಕೆ ಲೆಕ್ಕ ಕೇಳುವ ಕೆಲಸ ನಡೆಯುವುದು ಇಲ್ಲಿಯೇ. ರಾಜ್ಯಗಳ ವಿಧಾನಮಂಡಲಗಳಲ್ಲಿಯೂ ಇದೇ ಮಾದರಿಯ ಸಮಿತಿಗಳಿವೆ.

ಹಿನ್ನೆಲೆ

ಇಂತಹ ಸಮಿತಿಯ ಮೂಲ ಬ್ರಿಟನ್ನಿನಲ್ಲಿದೆ. ಗ್ಲ್ಯಾಡ್‌ಸ್ಟನ್ ಹಣಕಾಸು ಸಚಿವರಾಗಿದ್ದಾಗ, 1861ರಲ್ಲಿ, ಅಲ್ಲಿನ ಕಾಮನ್ಸ್ ಸಭೆ ಮೊದಲ ಸಮಿತಿಯನ್ನು ರಚಿಸಿತು. ಮಾಂಟೆಗು-ಚೆಲ್ಮ್ಸ್‌ಫರ್ಡ್ ಸುಧಾರಣೆಗಳ ಫಲವಾಗಿ 1921ರಲ್ಲಿ ಭಾರತದಲ್ಲಿಯೂ ಅದು ಸ್ಥಾಪನೆಯಾಯಿತು. ಆದರೆ ವಸಾಹತು ಕಾಲದ ಸಮಿತಿಗೆ ವೈಸರಾಯ್ ಮಂಡಲಿಯ ಹಣಕಾಸು ಸದಸ್ಯರೇ ಅಧ್ಯಕ್ಷರು. ಖರ್ಚು ಮಾಡುವವನೇ ಲೆಕ್ಕ ಕೇಳುವ ಪೀಠದಲ್ಲಿ ಕುಳಿತಂತಾಗಿದ್ದ ಈ ವ್ಯವಸ್ಥೆ 1950ರ ಜನವರಿ 26ರಂದು ಸಂವಿಧಾನ ಜಾರಿಗೆ ಬಂದಾಗ ಕೊನೆಗೊಂಡಿತು. ಅಂದಿನಿಂದ ಸಮಿತಿಯು ಲೋಕಸಭಾಧ್ಯಕ್ಷರ ನಿಯಂತ್ರಣದಲ್ಲಿ ಕೆಲಸ ಮಾಡುತ್ತಿದೆ.

ಅನಂತರವೂ ಹದಿನೇಳು ವರ್ಷ ಆಡಳಿತ ಪಕ್ಷದವರೇ ಅಧ್ಯಕ್ಷರಾಗಿದ್ದರು. 1967ರಲ್ಲಿ ಸ್ವತಂತ್ರ ಪಕ್ಷದ ಮೀನೂ ಮಸಾನಿ ಅವರ ನೇಮಕದೊಂದಿಗೆ ವಿರೋಧ ಪಕ್ಷದವರನ್ನು ಅಧ್ಯಕ್ಷರನ್ನಾಗಿಸುವ ಪದ್ಧತಿ ಆರಂಭವಾಯಿತು. ಇದು ಎಲ್ಲಿಯೂ ಬರೆದಿಟ್ಟ ನಿಯಮವಲ್ಲ, ಕೇವಲ ಸಂಪ್ರದಾಯ. ಅಟಲ್ ಬಿಹಾರಿ ವಾಜಪೇಯಿ, ಮುರಳಿ ಮನೋಹರ ಜೋಶಿ, ಕರ್ನಾಟಕದ ಮಲ್ಲಿಕಾರ್ಜುನ ಖರ್ಗೆ ಮೊದಲಾದವರು ಈ ಸ್ಥಾನದಲ್ಲಿದ್ದರು.

ರಚನೆ

ಸಮಿತಿಯಲ್ಲಿ 22 ಸದಸ್ಯರಿರುತ್ತಾರೆ: ಲೋಕಸಭೆಯಿಂದ 15, ರಾಜ್ಯಸಭೆಯಿಂದ 7. ಏಕ ವರ್ಗಾವಣೀಯ ಮತದ ಮೂಲಕ ಅನುಪಾತ ಪ್ರಾತಿನಿಧ್ಯ ಪದ್ಧತಿಯಲ್ಲಿ ಅವರು ಆಯ್ಕೆಯಾಗುವುದರಿಂದ ಸದನದ ಬಲಾಬಲವೇ ಸಮಿತಿಯಲ್ಲಿಯೂ ಪ್ರತಿಬಿಂಬಿಸುತ್ತದೆ. ಅವಧಿ ಒಂದು ವರ್ಷ. ಸಚಿವರು ಸದಸ್ಯರಾಗುವಂತಿಲ್ಲ. ಸದಸ್ಯರಾಗಿದ್ದವರು ಸಚಿವರಾದರೆ ಸದಸ್ಯತ್ವ ತಾನಾಗಿ ರದ್ದಾಗುತ್ತದೆ.

ಲೆಕ್ಕಪರಿಶೋಧನೆಯ ಆಧಾರ

ಸಮಿತಿಯು ತಾನೇ ಲೆಕ್ಕದ ಪುಸ್ತಕಗಳನ್ನು ತಪಾಸಣೆ ಮಾಡುವುದಿಲ್ಲ. ಆ ಕಾರ್ಯ ಭಾರತದ ಲೆಕ್ಕನಿಯಂತ್ರಕರು ಮತ್ತು ಮಹಾಲೆಕ್ಕಪರಿಶೋಧಕರದು. ಪತ್ರಿಕೆಗಳಲ್ಲಿ ಇವರು ಸಿಎಜಿ ಎಂದೇ ಪರಿಚಿತರು. ಸಂವಿಧಾನದ 148ರಿಂದ 151ರವರೆಗಿನ ಅನುಚ್ಛೇದಗಳು ಈ ಹುದ್ದೆಗೆ ಸಂಬಂಧಿಸಿವೆ. ಇವರ ಅಧಿಕಾರಾವಧಿ ಆರು ವರ್ಷ ಅಥವಾ 65ನೆಯ ವಯಸ್ಸಿನವರೆಗೆ, ಯಾವುದು ಮೊದಲೋ ಅದು. ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರನ್ನು ತೆಗೆಯುವ ಕ್ರಮದಲ್ಲಿ ಮಾತ್ರ ಇವರನ್ನು ಪದಚ್ಯುತಗೊಳಿಸಬಹುದು. ಸಂವಿಧಾನ ರಚನಾ ಸಭೆಯಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಅವರು ಈ ಅಧಿಕಾರಿಯನ್ನು ಸಂವಿಧಾನದಲ್ಲಿ ಬಹುಶಃ ಅತ್ಯಂತ ಮುಖ್ಯ ಅಧಿಕಾರಿ ಎಂದು ಬಣ್ಣಿಸಿದ್ದರು.

ಕೇಂದ್ರದ ವರದಿಗಳನ್ನು ರಾಷ್ಟ್ರಪತಿಯವರಿಗೂ ರಾಜ್ಯಗಳ ವರದಿಗಳನ್ನು ರಾಜ್ಯಪಾಲರಿಗೂ ಸಲ್ಲಿಸಲಾಗುತ್ತದೆ. ಅವರು ಅವನ್ನು ಸದನದ ಮುಂದೆ ಇರಿಸುತ್ತಾರೆ. ಎಷ್ಟು ದಿನದೊಳಗೆ ಇರಿಸಬೇಕೆಂದು 151ನೆಯ ಅನುಚ್ಛೇದ ಹೇಳುವುದಿಲ್ಲ. ಈ ಮೌನದ ಲಾಭ ಪಡೆದು ವರದಿ ಮಂಡನೆಯನ್ನು ತಡಮಾಡುವ ಸರ್ಕಾರಗಳ ಮೇಲೆ ಆಕ್ಷೇಪಗಳು ಆಗಾಗ ಕೇಳಿಬರುತ್ತವೆ.

ಕಾರ್ಯವಿಧಾನ

ಒಂದು ಉದಾಹರಣೆಯಿಂದ ವಿಷಯ ಸ್ಪಷ್ಟವಾದೀತು. ಶಾಲಾ ಕೊಠಡಿಗಳ ನಿರ್ಮಾಣಕ್ಕೆಂದು ಮಂಜೂರಾದ ಹಣವನ್ನು ವಾಹನ ಖರೀದಿಗೆ ಬಳಸಿದರೆ ಅದು ಉದ್ದೇಶದ ಉಲ್ಲಂಘನೆ. ಕೊಠಡಿಗಳನ್ನೇ ಕಟ್ಟಿ, ನಿಗದಿಗಿಂತ ಹೆಚ್ಚು ಖರ್ಚು ಮಾಡಿದರೆ ಅದು ಮಿತಿಯ ಉಲ್ಲಂಘನೆ. ಇಂತಹ ಅಧಿಕ ವೆಚ್ಚವನ್ನು ಸಮಿತಿ ಪರಿಶೀಲಿಸಿದ ಬಳಿಕ 115ನೆಯ ಅನುಚ್ಛೇದದಂತೆ ಸದನ ಸಕ್ರಮಗೊಳಿಸಬೇಕು. ಕೊಠಡಿಗಳು ನಿಗದಿತ ವೆಚ್ಚದಲ್ಲೇ ಸಿದ್ಧವಾಗಿ, ಶೌಚಾಲಯವಿಲ್ಲದೆ ಬೀಗ ಹಾಕಿಸಿಕೊಂಡು ನಿಂತಿದ್ದರೆ ಕಾಗದದ ಮೇಲೆ ಲೆಕ್ಕ ಸರಿಯಿದೆ, ಹಣ ಮಾತ್ರ ವ್ಯರ್ಥ. ಈ ಮೂರನೆಯ ಬಗೆಯ ಪ್ರಶ್ನೆಯನ್ನು ಕಾರ್ಯನಿರ್ವಹಣಾ ಲೆಕ್ಕಪರಿಶೋಧನೆ ಎತ್ತುತ್ತದೆ. ಓದುಗರಿಗೆ ಸಿಎಜಿ ವರದಿಗಳಲ್ಲಿ ಹೆಚ್ಚು ಉಪಯುಕ್ತವಾದ ಭಾಗವೂ ಇದೇ.

ವರದಿಯ ಕಂಡಿಕೆಗಳಲ್ಲಿ ಕೆಲವನ್ನು ಸಮಿತಿ ವಿಚಾರಣೆಗೆ ಆಯ್ದುಕೊಳ್ಳುತ್ತದೆ. ಇಲಾಖೆಯ ಕಾರ್ಯದರ್ಶಿಯೇ ಹಾಜರಾಗಿ ಉತ್ತರಿಸಬೇಕು. ಪ್ರಶ್ನೆಗಳನ್ನು ಸಿದ್ಧಪಡಿಸಲು ಸಿಎಜಿ ನೆರವಾಗುತ್ತಾರೆ. ವಿಚಾರಣೆ ಗೋಪ್ಯವಾಗಿ ನಡೆಯುತ್ತದೆ. ಬ್ರಿಟನ್ನಿನಲ್ಲಿ ಅದು ಸಾಮಾನ್ಯವಾಗಿ ಬಹಿರಂಗ. ವರದಿ ಮಂಡನೆಯಾದ ಆರು ತಿಂಗಳೊಳಗೆ ಸರ್ಕಾರ ತಾನು ಕೈಗೊಂಡ ಕ್ರಮವನ್ನು ತಿಳಿಸಬೇಕು. ಉತ್ತರ ತೃಪ್ತಿಕರವಲ್ಲದಿದ್ದರೆ ಸಮಿತಿ ಮತ್ತೊಂದು ವರದಿ ನೀಡುತ್ತದೆ.

ಹಣಕಾಸು ಸಮಿತಿಗಳ ಮುಂದೆ ಸಚಿವರನ್ನು ಸಾಕ್ಷ್ಯಕ್ಕೆ ಕರೆಯುವಂತಿಲ್ಲ. ನೋಟು ಅಮಾನ್ಯೀಕರಣದ ಬಳಿಕ, 2017ರ ಜನವರಿಯಲ್ಲಿ, ಅಗತ್ಯವಾದರೆ ಪ್ರಧಾನಿಯವರನ್ನೂ ಕರೆಯಬಹುದೆಂದು ಅಂದಿನ ಅಧ್ಯಕ್ಷ ಕೆ.ವಿ. ಥಾಮಸ್ ಹೇಳಿದ್ದು ವಿವಾದವಾಯಿತು. ಕೊನೆಗೆ ಸಮಿತಿಯ ಮುಂದೆ ಬಂದವರು ರಿಸರ್ವ್ ಬ್ಯಾಂಕ್ ಗವರ್ನರ್ ಊರ್ಜಿತ್ ಪಟೇಲ್ ಮತ್ತು ಅಧಿಕಾರಿಗಳು ಮಾತ್ರ.

ಪ್ರಮುಖ ಪ್ರಕರಣಗಳು

ಜೀಪ್ ಖರೀದಿ: 1948ರಲ್ಲಿ ಲಂಡನ್ನಿನ ಭಾರತೀಯ ಹೈಕಮಿಷನ್ ಮೂಲಕ ಸೇನೆಗೆ ಜೀಪುಗಳನ್ನು ಕೊಳ್ಳಲು ಸುಮಾರು 80 ಲಕ್ಷ ರೂಪಾಯಿಗಳ ಒಪ್ಪಂದವಾಯಿತು. ವ್ಯವಹಾರದ ಲೋಪಗಳನ್ನು ಸಮಿತಿ ಎತ್ತಿ ತೋರಿಸಿತಾದರೂ 1955ರಲ್ಲಿ ಸರ್ಕಾರ ಪ್ರಕರಣವನ್ನು ಮುಕ್ತಾಯಗೊಳಿಸಿತು. ಸಮಿತಿಯ ಶಿಫಾರಸು ಸರ್ಕಾರವನ್ನು ಕಟ್ಟಿಹಾಕುವುದಿಲ್ಲವೆಂಬುದು ಗಣರಾಜ್ಯದ ಆರಂಭದಲ್ಲಿಯೇ ಹೀಗೆ ತಿಳಿದುಬಂದಿತು.

ಬೊಫೋರ್ಸ್: ಟಿ.ಎನ್. ಚತುರ್ವೇದಿ ಸಿಎಜಿ ಆಗಿದ್ದಾಗ 1989ರಲ್ಲಿ ಬೊಫೋರ್ಸ್ ಫಿರಂಗಿ ಖರೀದಿಯ ಕುರಿತ ವರದಿ ಮಂಡನೆಯಾಯಿತು. ಅದರ ಬೆನ್ನಲ್ಲೇ ವಿರೋಧ ಪಕ್ಷಗಳ ಲೋಕಸಭಾ ಸದಸ್ಯರು ಸಾಮೂಹಿಕವಾಗಿ ರಾಜೀನಾಮೆಯಿತ್ತರು. ಚತುರ್ವೇದಿಯವರು ಮುಂದೆ ಕರ್ನಾಟಕದ ರಾಜ್ಯಪಾಲರಾದರು.

2ಜಿ ತರಂಗಾಂತರ: ವಿನೋದ್ ರಾಯ್ ಅವರ 2010ರ ವರದಿಯು ಬೊಕ್ಕಸಕ್ಕೆ ಆಗಿರಬಹುದಾದ ನಷ್ಟವನ್ನು ಗರಿಷ್ಠ 1.76 ಲಕ್ಷ ಕೋಟಿ ರೂಪಾಯಿಗಳೆಂದು ಅಂದಾಜು ಮಾಡಿತು. ಅದು ಊಹಾತ್ಮಕ ನಷ್ಟವೆಂಬುದನ್ನು ಚರ್ಚೆಯಲ್ಲಿ ಹಲವರು ಮರೆತರು. ಮುರಳಿ ಮನೋಹರ ಜೋಶಿ ಸಿದ್ಧಪಡಿಸಿದ ಕರಡು ವರದಿಯನ್ನು 2011ರ ಏಪ್ರಿಲ್‌ನಲ್ಲಿ ಸಮಿತಿಯ ಬಹುಮತ ತಿರಸ್ಕರಿಸಿತು. ಅವರು ಕಳುಹಿಸಿದ ವರದಿಯನ್ನು ಸಭಾಧ್ಯಕ್ಷೆ ಮೀರಾ ಕುಮಾರ್ ಹಿಂದಿರುಗಿಸಿದರು. ಪಕ್ಷಭೇದವಿಲ್ಲದೆ ಒಮ್ಮತದಿಂದ ವರದಿ ನೀಡುವ ಸಮಿತಿಯ ಪದ್ಧತಿಗೆ ಬಿದ್ದ ದೊಡ್ಡ ಪೆಟ್ಟು ಇದು. 2012ರಲ್ಲಿ ಸರ್ವೋಚ್ಚ ನ್ಯಾಯಾಲಯ 122 ಪರವಾನಗಿಗಳನ್ನು ರದ್ದುಮಾಡಿತು. 2017ರಲ್ಲಿ ವಿಶೇಷ ನ್ಯಾಯಾಲಯ ಆರೋಪಿಗಳನ್ನು ಖುಲಾಸೆಗೊಳಿಸಿತು.

ರಫೇಲ್: 2018ರ ಡಿಸೆಂಬರ್ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ವಿಮಾನದ ಬೆಲೆಯ ಬಗ್ಗೆ ಸಿಎಜಿ ವರದಿಯನ್ನು ಸಾರ್ವಜನಿಕ ಲೆಕ್ಕಪತ್ರ ಸಮಿತಿ ಪರಿಶೀಲಿಸಿದೆ ಎಂದು ಬರೆಯಿತು. ಅಧ್ಯಕ್ಷರಾಗಿದ್ದ ಖರ್ಗೆಯವರು ಅಂತಹ ವರದಿ ತಮ್ಮ ಮುಂದೆ ಬಂದೇ ಇಲ್ಲವೆಂದರು. ತನ್ನ ಟಿಪ್ಪಣಿಯಲ್ಲಿನ ವಾಕ್ಯವನ್ನು ತಪ್ಪಾಗಿ ಅರ್ಥೈಸಲಾಗಿದೆ, ಅಲ್ಲಿ ಹೇಳಿದ್ದು ಸಾಮಾನ್ಯ ಕಾರ್ಯವಿಧಾನವನ್ನು ಮಾತ್ರ ಎಂದು ಕೇಂದ್ರ ಸರ್ಕಾರ ತಿದ್ದುಪಡಿ ಕೋರಿತು. ಸಿಎಜಿ ವರದಿ ಸಂಸತ್ತಿನಲ್ಲಿ ಮಂಡನೆಯಾದದ್ದು 2019ರ ಫೆಬ್ರುವರಿಯಲ್ಲಿ. ವ್ಯಾಕರಣದ ಕಾಲಸೂಚಕ ಕ್ರಿಯಾಪದವೊಂದು ಇಷ್ಟು ಭಾರ ಹೊತ್ತ ಸಂದರ್ಭಗಳು ವಿರಳ.

ಮಿತಿಗಳು

ಸರ್ಕಾರದ ನೀತಿ ಸರಿಯೇ ತಪ್ಪೇ ಎಂಬುದು ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ. ಹಣ ಖರ್ಚಾದ ವರ್ಷಗಳ ನಂತರ ಪರಿಶೀಲನೆ ನಡೆಯುವುದರಿಂದ ಇದನ್ನು ಮರಣೋತ್ತರ ಪರೀಕ್ಷೆ ಎಂದು ಟೀಕಿಸುವುದುಂಟು. ಅಷ್ಟರಲ್ಲಿ ಸಂಬಂಧಿಸಿದ ಅಧಿಕಾರಿ ವರ್ಗವಾಗಿರುತ್ತಾರೆ ಅಥವಾ ನಿವೃತ್ತರಾಗಿರುತ್ತಾರೆ. ಸಾವಿರಾರು ಕಂಡಿಕೆಗಳಲ್ಲಿ ಕೆಲವೇ ವಿಚಾರಣೆಗೆ ಬರುತ್ತವೆ. ಆದರೂ ಕಾರ್ಯದರ್ಶಿಯೊಬ್ಬರು ಕಡತ ಹಿಡಿದು ಶಾಸನಸಭೆಯ ಸದಸ್ಯರೆದುರು ಉತ್ತರಿಸಬೇಕಾಗುವುದು ಸಣ್ಣ ಅಂಕುಶವೇನಲ್ಲ.

ಕರ್ನಾಟಕದಲ್ಲಿ

ಕರ್ನಾಟಕ ವಿಧಾನಮಂಡಲದ ಸಮಿತಿಯಲ್ಲಿ ವಿಧಾನಸಭೆ, ವಿಧಾನ ಪರಿಷತ್ತುಗಳೆರಡರ ಸದಸ್ಯರೂ ಇರುತ್ತಾರೆ. ಪಂಚಾಯತಿಗಳೇ ಮೊದಲಾದ ಸ್ಥಳೀಯ ಸಂಸ್ಥೆಗಳಿಗೆ ಪ್ರತ್ಯೇಕ ಸಮಿತಿಯಿದೆ. 2020ರಲ್ಲಿ, ಎಚ್.ಕೆ. ಪಾಟೀಲ ಅಧ್ಯಕ್ಷರಾಗಿದ್ದಾಗ, ಕೋವಿಡ್ ವೈದ್ಯಕೀಯ ಉಪಕರಣಗಳ ಖರೀದಿಯ ಬಗ್ಗೆ ಸ್ಥಳ ಪರಿಶೀಲನೆಗೆ ಸಮಿತಿ ಮುಂದಾಯಿತು. ಆ ಸಮಯದಲ್ಲಿ ಸಾಂಕ್ರಾಮಿಕದ ಕಾರಣವಿತ್ತು ಸಭಾಧ್ಯಕ್ಷ ವಿಶ್ವೇಶ್ವರ ಹೆಗಡೆ ಕಾಗೇರಿ ಅವರು ಸದನ ಸಮಿತಿಗಳ ಇಂತಹ ಭೇಟಿಗಳನ್ನು ತಡೆಹಿಡಿದದ್ದು ಸಮಿತಿಯ ಸ್ವಾತಂತ್ರ್ಯದ ಕುರಿತು ಚರ್ಚೆಯನ್ನು ಹುಟ್ಟಿಸಿತು. ರಾಜ್ಯಕ್ಕೆ ಸಂಬಂಧಿಸಿದ ಸಿಎಜಿ ವರದಿಗಳು ವಿಧಾನಮಂಡಲದಲ್ಲಿ ಮಂಡನೆಯಾದ ಬಳಿಕ ಆ ಸಂಸ್ಥೆಯ ಜಾಲತಾಣದಲ್ಲಿ ಯಾರಾದರೂ ಉಚಿತವಾಗಿ ಓದಬಹುದು.