ಕೀಲೆಣ್ಣೆ

ಸಂಸ್ಕೃತದ ‘ಕೀಲ’ ಶಬ್ದದಿಂದ ಬಂದ ‘ಕೀಲು’ ಎಂಬ ತದ್ಭವಕ್ಕೆ ‘ಎಣ್ಣೆ’ ಎಂಬ ಅಚ್ಚಗನ್ನಡ ಶಬ್ದವು ಲೋಪಸಂಧಿಯಿಂದ ಕೂಡಿ ‘ಕೀಲೆಣ್ಣೆ’ಯಾಗಿರುವುದರಿಂದ, ಇದನ್ನು ಅರಿಸಮಾಸವೆಂದು ವೈಯಾಕರಣರು ಆಕ್ಷೇಪಿಸುವಂತಿಲ್ಲ. ಎಳ್ಳಿನ ನೆಯ್ ಎಂಬರ್ಥದಲ್ಲಿ ಹುಟ್ಟಿದ ‘ಎಣ್ಣೆ’ಯು ಕ್ರಮೇಣ ಸಕಲ ತೈಲಗಳಿಗೂ ಸಾಮಾನ್ಯನಾಮವಾಯಿತು; ಗಾಡಿಕಾರನು ಅಚ್ಚಿಗೆ ಸವರುತ್ತಿದ್ದ ಕೀಲೆಣ್ಣೆಯಾದರೋ ಹೆಚ್ಚಾಗಿ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿಯನ್ನು ಬೆರೆಸಿದ್ದು.

ಮೋಟಾರುಸೈಕಲ್ಲಿನ ಚಕ್ರನಾಭಿಯಲ್ಲಿ ಅಡಗಿರುವ ಬೇರಿಂಗಿಗೆ ಈ ಉಪಚಾರ ಬೇಕಿಲ್ಲ. 6302 ಎಂಬ ಸಂಖ್ಯೆಯ, ಹದಿನೈದು ಮಿಲಿಮೀಟರು ಒಳವ್ಯಾಸದ ಬೇರಿಂಗಿನ ಎರಡು ಪಾರ್ಶ್ವಗಳಿಗೂ ರಬ್ಬರಿನ ಮುಚ್ಚಳವಿದ್ದರೆ, ಅದರ ಕೀಲೆಣ್ಣೆಯಾದ ಗ್ರೀಸು ಕಾರ್ಖಾನೆಯಲ್ಲಿಯೇ ತುಂಬಿ ಬಂದಿರುತ್ತದೆ. ನೀರು ನುಗ್ಗಿ ಅದು ಕೆಟ್ಟಿತೆಂದರೆ ಗುಂಡುಗಳು ತುಕ್ಕು ಹಿಡಿದು ಸವೆಯತೊಡಗುತ್ತವೆ. ಚಕ್ರವನ್ನು ನೆಲದಿಂದ ಎತ್ತಿ ನಿಲ್ಲಿಸಿ, ಮೇಲೂ ಕೆಳಗೂ ಹಿಡಿದು ಅಲುಗಿಸಿದಾಗ ನಾಭಿಯಲ್ಲಿ ಕಟಕಟ ಸದ್ದು ಬರುವುದಾದರೆ, ಅಥವಾ ಅಚ್ಚನ್ನು ಕಳಚಿ ಒಳಬಳೆಯನ್ನು ಬೆರಳಿನಿಂದ ತಿರುಗಿಸುವಾಗ ಮರಳು ಅರೆದಂತೆ ತೊಡಕಾಗುವುದಾದರೆ, ಬದಲಾಯಿಸುವುದೊಂದೇ ಮಾರ್ಗ.

ಹೊಸದನ್ನು ಕೂರಿಸುವಾಗ ಹೊರಬಳೆಯ ಮೇಲೆ ಮಾತ್ರ ಒತ್ತಡ ಬೀಳಬೇಕು. ಒಳಬಳೆಗೆ ಸುತ್ತಿಗೆಯ ಪೆಟ್ಟು ತಗುಲಿದರೆ ಗುಂಡುಗಳು ತಮ್ಮ ಪಥದಲ್ಲಿ ಕುಳಿಗಳನ್ನು ಮೂಡಿಸುತ್ತವೆ. ನಾಭಿಯ ಎರಡು ಬೇರಿಂಗುಗಳ ನಡುವಣ ಕೊಳವೆಯನ್ನು ಮರಳಿ ಇಡಲು ಮರೆಯಬಾರದು. ಬಡಿದು ಹೊರತೆಗೆದ ಹಳೆಯ ಬೇರಿಂಗು ನೋಟಕ್ಕೆ ಚೆನ್ನಾಗಿಯೇ ಕಂಡರೂ ಮತ್ತೆ ಹಾಕಿಸದಿರಿ.