ಶಿರಾದ ಸುಬೇದಾರಿ: ಮೂರು ಲಕ್ಷಕ್ಕೆ ಕೈಬದಲಾದ ಹುದ್ದೆ

ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆಯ ರೈತ ತನ್ನ ತೆಂಗಿನ ಜಮೀನನ್ನು ತೋಟ ಎನ್ನುತ್ತಾನೆ. ಕಂದಾಯದ ಕಾಗದಪತ್ರ ಅದನ್ನೇ ಬಾಗಾಯ್ತು ಎನ್ನುತ್ತದೆ. ಖುಷ್ಕಿ, ತರಿ, ಜಮಾಬಂದಿ, ಶಿರಸ್ತೇದಾರ ಇವೂ ಅದೇ ಜಾತಿಯ ಮಾತುಗಳು. ಪಾರಸಿ, ಅರಬ್ಬಿ ಮೂಲದ ಈ ಕಚೇರಿ ಭಾಷೆ ಕನ್ನಡಕ್ಕೆ ಹಲವು ದಾರಿಗಳಿಂದ ಬಂದಿದೆ. ತೆಂಗಿನ ಸೀಮೆಗೆ ಅವುಗಳಲ್ಲಿ ತೀರ ಹತ್ತಿರದ ದಾರಿ ಶಿರಾದ್ದು. ಇಂದು ತಾಲ್ಲೂಕು ಕೇಂದ್ರವಾಗಿರುವ ಆ ಊರು ಒಂದು ಕಾಲಕ್ಕೆ ಮೊಗಲ್ ಪ್ರಾಂತ್ಯವೊಂದರ ರಾಜಧಾನಿಯಾಗಿತ್ತು ಎಂಬುದು ಜಿಲ್ಲೆಯಲ್ಲೇ ಅನೇಕರಿಗೆ ಮರೆತುಹೋಗಿದೆ.

ಮೊಗಲರಿಗೆ ಮೊದಲು ಶಿರಾ ಬಿಜಾಪುರದ ಆದಿಲಶಾಹಿಗಳ ಕೈಯಲ್ಲಿತ್ತು. ಅವರ ಅಧಿಕಾರಿ ಮಲಿಕ್ ರಿಹಾನನ 1651ರ ಗೋರಿ ಇಂದಿಗೂ ಅಲ್ಲಿದೆ. 1686ರಲ್ಲಿ ಔರಂಗಜೇಬ ಬಿಜಾಪುರವನ್ನು ಗೆದ್ದ. ಮರುವರ್ಷ ಅವನ ಸೇನಾನಿ ಖಾಸಿಂ ಖಾನ್ ತುಮಕೂರು ಸೀಮೆಯ ಮೂಲಕ ಬಂದು ಬೆಂಗಳೂರನ್ನು ಹಿಡಿದ. ಶಿವಾಜಿಯ ತಮ್ಮ ವೆಂಕೋಜಿ ಆ ಊರನ್ನು ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಮೂರು ಲಕ್ಷ ರೂಪಾಯಿಗೆ ಮಾರುವ ಮಾತುಕತೆಯಲ್ಲಿದ್ದ. ಖಾನ್ ಊರನ್ನು ವಶಪಡಿಸಿಕೊಂಡು, ಅದೇ ಬೆಲೆಗೆ ಅದೇ ಒಡೆಯರಿಗೆ ಮಾರಿದ. ಹೊಸ ಆಡಳಿತದ ಮೊದಲ ವ್ಯವಹಾರವೇ ಒಂದು ಕ್ರಯವಾಗಿತ್ತು!

ಹೊಸ ಸುಬಾದಲ್ಲಿ ಏಳು ಪರಗಣಗಳಿದ್ದವು: ಬಸವಾಪಟ್ಟಣ, ಬೂದಿಹಾಳು, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ ಮತ್ತು ಕೋಲಾರ. ಇವುಗಳಲ್ಲಿ ಬೂದಿಹಾಳು ಈಗ ಚಿಕ್ಕನಾಯಕನಹಳ್ಳಿ ತಾಲ್ಲೂಕಿಗೆ ಸೇರಿದ ಹಳ್ಳಿ. ಈ ಪರಗಣಗಳ ಕಂದಾಯ ನೇರವಾಗಿ ಸುಬೇದಾರನ ಕಚೇರಿಗೆ ಬರಬೇಕು. ಇವಲ್ಲದೆ ಹರಪನಹಳ್ಳಿ, ಕುಂದುರ್ಪಿ, ಆನೆಗೊಂದಿ, ಬಿದನೂರು, ಚಿತ್ರದುರ್ಗ ಮತ್ತು ಮೈಸೂರು ಕಪ್ಪ ಕೊಡತಕ್ಕ ಸಂಸ್ಥಾನಗಳು. ಸುಬೇದಾರನ ನಿಜವಾದ ಕಷ್ಟ ಶುರುವಾಗುವುದು ಈ ಎರಡನೆಯ ಪಟ್ಟಿಯಿಂದ. ದಂಡು ಬಾಗಿಲಿಗೆ ಬಂದು ನಿಂತರೆ ಪಾಳೆಯಗಾರ ಕಪ್ಪ ಒಪ್ಪಿಸುತ್ತಿದ್ದ. ದಂಡು ಹಿಂದಿರುಗಿದರೆ ಬಾಕಿ ಮತ್ತೆ ಬೆಳೆಯುತ್ತಿತ್ತು. ದೆಹಲಿಯ ಫರ್ಮಾನಿಗೆ ಶಿರಾದಲ್ಲಿ ಎಷ್ಟು ಬೆಲೆಯಿತ್ತು ಎಂಬುದನ್ನು ಅಲ್ಲಿದ್ದ ಕುದುರೆಗಳ ಸಂಖ್ಯೆಯೇ ನಿರ್ಧರಿಸುತ್ತಿತ್ತು.

ಇದಕ್ಕೆ ಖಾಸಿಂ ಖಾನನ ಅಂತ್ಯವೇ ಸಾಕ್ಷಿ. 1695ರ ಕೊನೆಯಲ್ಲಿ ಮರಾಠರ ಸಂತಾಜಿ ಘೋರ್ಪಡೆ ಅವನನ್ನು ಇಂದಿನ ಚಳ್ಳಕೆರೆ ಕಡೆಯ ದೊಡ್ಡೇರಿಯಲ್ಲಿ ಸುತ್ತುಗಟ್ಟಿದ. ಕಪ್ಪ ಕೊಡಬೇಕಾಗಿದ್ದ ಚಿತ್ರದುರ್ಗದ ಬರಮಪ್ಪ ನಾಯಕ ಸಂತಾಜಿಯ ಪಕ್ಷ ಸೇರಿದ. ಕೋಟೆಯೊಳಗೆ ಅನ್ನಕ್ಕೂ ಮೇವಿಗೂ ಬರ ಬಂತು. ಖಾನ್ ಅಲ್ಲೇ ಸತ್ತ. ಅವಮಾನ ತಾಳಲಾರದೆ ವಿಷ ಕುಡಿದನೆಂಬ ಮಾತು ಆಗಲೇ ಹಬ್ಬಿತ್ತು. ಉಳಿದ ಸೈನಿಕರು ಹಣ, ಕುದುರೆ, ಸಾಮಾನುಗಳನ್ನೆಲ್ಲ ಒಪ್ಪಿಸಿ ಜೀವ ಉಳಿಸಿಕೊಂಡರು.

ಅನಂತರ ಬಂದವರಲ್ಲಿ ಹಲವರು ಎರಡು ಮೂರು ವರ್ಷಕ್ಕೆ ಬದಲಾದರು. ಶಿರಾದ ಹೆಸರು ಉಳಿದದ್ದು ದಿಲಾವರ್ ಖಾನನಿಂದ. ಎರಡನೆಯ ಬಾರಿಗೆ 1726ರಲ್ಲಿ ನೇಮಕಗೊಂಡ ಅವನು ಮೂವತ್ತು ವರ್ಷ ಅಲ್ಲೇ ಇದ್ದ. ದೆಹಲಿ ದುರ್ಬಲವಾಗಿ, ಹುದ್ದೆ ಬದಲಿಸುವವರೇ ಇಲ್ಲದ ಕಾಲವದು. ಆ ಊರಿಗೆ ಅದರಿಂದ ಲಾಭವೇ ಆಯಿತೆನ್ನಬೇಕು. ಅವನು ಕಟ್ಟಿಸಿದ ಅರಮನೆಯೇ ಬೆಂಗಳೂರು ಮತ್ತು ಶ್ರೀರಂಗಪಟ್ಟಣದ ಅರಮನೆಗಳಿಗೆ ಮಾದರಿಯೆಂದೂ, ಶಿರಾದ ಖಾನ್‌ಬಾಗ್ ಲಾಲ್‌ಬಾಗಿಗೆ ಪ್ರೇರಣೆಯೆಂದೂ ಹೇಳುವುದುಂಟು. ಅರಮನೆ ಈಗಿಲ್ಲ.

1757ರಲ್ಲಿ ಮರಾಠರು ಶಿರಾವನ್ನು ಹಿಡಿದರು. ದಿಲಾವರ್ ಖಾನ್ ಕೋಲಾರದ ಜಹಗೀರು ಪಡೆದು ಹಿಂದೆ ಸರಿದ. ಅಲ್ಲಿಗೆ ಹುದ್ದೆಯ ಶಕ್ತಿ ಮುಗಿಯಿತು, ಆದರೆ ಅದರ ಹೆಸರಿಗಿದ್ದ ಬೆಲೆ ಮುಗಿದಿರಲಿಲ್ಲ.

1761ರಲ್ಲಿ ಹೈದರಾಬಾದಿನ ನಿಜಾಮನ ಸಹೋದರ ಬಸಾಲತ್ ಜಂಗ್ ಶಿರಾದ ಆಸೆಯಿಂದ ದಂಡೆತ್ತಿ ಬಂದು, ಹೊಸಕೋಟೆಯ ಮುಂದೆ ಬೀಡುಬಿಟ್ಟಿದ್ದ. ಕೋಟೆ ಬೀಳಲಿಲ್ಲ, ಕೈಯಲ್ಲಿ ಹಣವೂ ಇರಲಿಲ್ಲ. ಆಗ ಹೈದರ್ ಅಲಿಯ ಕಡೆಯಿಂದ ಒಂದು ಪ್ರಸ್ತಾಪ ಬಂತು: ಶಿರಾದ ನವಾಬಗಿರಿಯನ್ನು ತನಗೆ ಕೊಟ್ಟರೆ ಮೂರು ಲಕ್ಷ ರೂಪಾಯಿ ನಜರಾನೆ. ಶಿರಾ ಬಸಾಲತನ ಕೈಯಲ್ಲಿರಲಿಲ್ಲ, ಹೈದರನ ಕೈಯಲ್ಲೂ ಇರಲಿಲ್ಲ. ಆದರೂ ಸನದು ಸಿದ್ಧವಾಯಿತು. ಇಬ್ಬರೂ ಸೇರಿ ಹೊಸಕೋಟೆಯನ್ನು ಗೆದ್ದರು, ಮುಂದೆ ದೊಡ್ಡಬಳ್ಳಾಪುರ ಮತ್ತು ಶಿರಾ ಹೈದರನ ವಶವಾದವು.

ಹೈದರ್ ಕೊಂಡದ್ದು ಏಳು ಪರಗಣಗಳ ಕಂದಾಯವನ್ನಷ್ಟೇ ಅಲ್ಲ. ಮೈಸೂರಿನಲ್ಲಿ ಒಡೆಯರಿದ್ದರು, ಎಷ್ಟೇ ಅಧಿಕಾರ ನಡೆಸಿದರೂ ಹೈದರ್ ಅಲ್ಲಿ ದರ್ಬಾರಿನ ಸೇವಕನೇ. ಶಿರಾದ ಪದವಿ ಮಾತ್ರ ಒಡೆಯರಿಂದ ಬಂದದ್ದಲ್ಲ. ಸನದಿನಲ್ಲಿ ನಮೂದಾದ ‘ನವಾಬ್ ಹೈದರ್ ಅಲಿ ಖಾನ್ ಬಹಾದ್ದೂರ್’ ಎಂಬ ಹೆಸರು ಆರ್ಕಾಟು, ಕಡಪ, ಕರ್ನೂಲು, ಸವಣೂರಿನ ನವಾಬರ ಸಾಲಿನಲ್ಲಿ ಅವನನ್ನು ನಿಲ್ಲಿಸಿತು. ಮೈಸೂರು ಯಾವ ಕಚೇರಿಗೆ ಕಪ್ಪ ಕೊಡಬೇಕಿತ್ತೋ ಆ ಕಚೇರಿಯ ಯಜಮಾನಿಕೆ ಮೈಸೂರಿನ ಸೇನಾಪತಿಗೇ ದಕ್ಕಿದ್ದೂ ವಿಚಿತ್ರ.

1766ರಲ್ಲಿ ಮರಾಠರು ಬಂದಾಗ ಹೈದರನ ಬಾವಮೈದುನ ಮೀರ್ ಅಲಿ ರಜಾ ಶಿರಾವನ್ನು ಬಿಟ್ಟುಕೊಟ್ಟು, ಅದರ ಬದಲಿಗೆ ಗುರ್ರಂಕೊಂಡ ಪಡೆದ. 1774ರಲ್ಲಿ ಟಿಪ್ಪು ಶಿರಾವನ್ನು ಮತ್ತೆ ಗೆದ್ದ. ಮುಂದೆ ಶ್ರೀರಂಗಪಟ್ಟಣದ ಪಕ್ಕದಲ್ಲಿ ಶಹರ್ ಗಂಜಾಂ ಕಟ್ಟಿದಾಗ, ಅದನ್ನು ತುಂಬಲು ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಒಯ್ದನೆಂದು ಬಿ. ಎಲ್. ರೈಸ್ ಅವರ ಗ್ಯಾಸೆಟಿಯರ್ ದಾಖಲಿಸಿದೆ. ಸುಬೇದಾರರ ಕಾಲದಿಂದ ಉಳಿದಿರುವುದು ಕೋಟೆಯ ಅವಶೇಷ, ಕಲ್ಲಿನ ಜುಮ್ಮಾ ಮಸೀದಿ ಮತ್ತು ಕೆಲವು ಗೋರಿಗಳು.